ಕಪಾಟಿನ ಬೀಗವೂ ಪುಸ್ತಕದ ಅಂಕವೂ

ನಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ಐದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ವಾರಕ್ಕೊಂದು ಗ್ರಂಥಾಲಯದ ಅವಧಿ ಇರುವುದನ್ನು ಪೋಷಕರು ಬಲ್ಲರು. ಅದನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡಬಾರದೇಕೆ ಎಂದು ಪ್ರತಿವರ್ಷವೂ ಕೆಲವರು ನಮ್ಮನ್ನು ಕೇಳುವುದುಂಟು. ಅವರ ಕಳಕಳಿಯನ್ನು ನಾವು ಲಘುವಾಗಿ ಎಣಿಸುವುದಿಲ್ಲ; ಹತ್ತನೆಯ ತರಗತಿಯ ಪರೀಕ್ಷೆ ಯಾವ ಮನೆಯಲ್ಲಿಯೂ ಸಣ್ಣ ಮಾತಲ್ಲ. ಆದರೆ ಆ ಅವಧಿಯಲ್ಲಿ ಹುಡುಗಿಯರು ಕಥೆ ಓದುತ್ತ ಕಾಲ ಕಳೆಯುವರೆಂದು ತಿಳಿದವರಿಗೆ, ಅಲ್ಲಿ ನಡೆಯುವ ಪಾಠ ಯಾವುದೆಂಬುದನ್ನು ಈ ಸಂಚಿಕೆಯ ಮೂಲಕ ಅರಿಕೆ ಮಾಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಪುಸ್ತಕವನ್ನು ಓದುವುದನ್ನು ಮಾತ್ರವಲ್ಲ, ಹುಡುಕಿ ತೆಗೆಯುವುದನ್ನೂ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲಿಯೇ ಕಲಿಸಬೇಕೆಂಬುದು ನಮ್ಮ ಮತ.

ಹಳೆಯ ವಿದ್ಯಾರ್ಥಿನಿಯರಲ್ಲಿ ಹಿರಿಯರಾದವರು ಗಾಜಿನ ಬಾಗಿಲಿನ ಬೀರುಗಳನ್ನು ಮರೆತಿರಲಾರರು. ಪುಸ್ತಕಗಳು ಒಳಗೆ, ಹುಡುಗಿಯರು ಹೊರಗೆ, ಬೀಗದ ಕೈ ಉಪಾಧ್ಯಾಯಿನಿಯ ಮೇಜಿನಲ್ಲಿ. “ಯಾವ ಪುಸ್ತಕ ಬೇಕು?” ಎಂದು ಕೇಳಿದರೆ, ಒಳಗೆ ಏನಿದೆಯೆಂಬುದನ್ನೇ ಅರಿಯದ ಹುಡುಗಿ ಏನೆಂದಾಳು? ಕೊಟ್ಟದ್ದನ್ನು ತೆಗೆದುಕೊಂಡು ಹೋಗುತ್ತಿದ್ದಳು. ಇಂತಹ ಏರ್ಪಾಟಿನಲ್ಲಿ ಪುಸ್ತಕಗಳು ಕಳೆಯುತ್ತಿರಲಿಲ್ಲವೆಂಬುದು ನಿಜ, ಓದಲ್ಪಡುತ್ತಲೂ ಇರಲಿಲ್ಲ.

ಬಾಗಿಲು ತೆರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತಾಯಿಯೊಬ್ಬಳೇ ಆಳುವ ಅಡುಗೆಮನೆಯನ್ನು ನೋಡಿರಿ. ಒಂದೇ ಬಗೆಯ ಹದಿನೈದು ಡಬ್ಬಿಗಳಲ್ಲಿ ತೊಗರಿಬೇಳೆ ಯಾವುದು, ಮೆಂತ್ಯ ಯಾವುದು ಎಂಬುದು ಆಕೆಯ ಕೈಗೆ ಗೊತ್ತು. ಆಕೆ ನಾಲ್ಕು ದಿನ ಊರಿಗೆ ಹೋದರೆ ಮಿಕ್ಕವರು ಡಬ್ಬಿಯ ಮೇಲೆ ಡಬ್ಬಿ ತೆರೆದು ಮೂಸಿ ನೋಡಬೇಕು. ಗ್ರಂಥಪಾಲಕಿಗೆ ಮಾತ್ರ ತಿಳಿದಿರುವ ಗ್ರಂಥಾಲಯವೂ ಹೀಗೆಯೇ. ಯಾರು ಬಂದರೂ ಕೇಳದೆಯೇ ಕಂಡುಕೊಳ್ಳುವಂತಹ ಕ್ರಮ ಬೇಕು. ಆ ಕ್ರಮವು ಬಂದವರಿಗೆ ತಿಳಿದಿರಬೇಕು.

ಐದನೆಯ ತರಗತಿಯವರಿಗೆ ನಾವು ಅಂಕಗಳನ್ನು ಹೇಳಿಕೊಡುವುದಿಲ್ಲ. ನಲವತ್ತು ಪುಸ್ತಕಗಳನ್ನು ಮೇಜಿನ ಮೇಲೆ ರಾಶಿ ಹಾಕಿ, ಜೋಡಿಸಿರಿ ಎನ್ನುತ್ತೇವೆ. ಮೊದಲು ಎತ್ತರವನ್ನು ನೋಡಿ ಜೋಡಿಸುವರು. ಬಳಿಕ ರಟ್ಟಿನ ಬಣ್ಣವನ್ನು ನೋಡಿ. ಹಕ್ಕಿಗಳ ವಿಷಯವಾಗಿ ಬರೆದಿರುವುದೆಲ್ಲವನ್ನೂ ತನ್ನಿರೆಂದಾಗ ಅವರ ಕ್ರಮವು ಕುಸಿದುಬೀಳುವುದು. ಆಗ ತಾವಾಗಿಯೇ ವಿಷಯವನ್ನು ಹಿಡಿದು ವಿಂಗಡಿಸತೊಡಗುವರು. ಈ ಘಟ್ಟಕ್ಕೆ ಬಂದ ಮೇಲೆಯೇ, 1876ನೆಯ ಇಸವಿಯಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿಯವರು ಪ್ರಕಟಿಸಿದ ದಶಾಂಶ ವರ್ಗೀಕರಣವನ್ನು ಪರಿಚಯ ಮಾಡಿಸುವೆವು. ಜ್ಞಾನವನ್ನೆಲ್ಲ ಹತ್ತು ವರ್ಗಗಳಾಗಿ ಮಾಡಿ, ಭಾಷೆಗೆ 400, ಪ್ರಕೃತಿ ವಿಜ್ಞಾನಕ್ಕೆ 500, ಆ ವಿಜ್ಞಾನವನ್ನು ಉಪಯೋಗಕ್ಕೆ ತರುವ ವಿದ್ಯೆಗಳಿಗೆ 600, ಸಾಹಿತ್ಯಕ್ಕೆ 800, ಭೂಗೋಳ ಚರಿತ್ರೆಗಳಿಗೆ 900 ಎಂದು ಮೊದಲಾಗಿ ಅಂಕಗಳನ್ನಿತ್ತು, ಒಂದೊಂದನ್ನೂ ಮತ್ತೆ ಹತ್ತು ಹತ್ತಾಗಿ ಒಡೆಯುತ್ತ ಹೋಗುವ ವಿಧಾನವದು.

ಆರನೆಯ ತರಗತಿಯಲ್ಲಿ ನಾವು ಕೇಳುವ ಪ್ರಶ್ನೆಯೊಂದುಂಟು: ರೇಷ್ಮೆಯ ಪುಸ್ತಕವನ್ನು ಎಲ್ಲಿ ಇಡುವಿರಿ? ಶಿಡ್ಲಘಟ್ಟ, ರಾಮನಗರಗಳ ಗೂಡಿನ ಮಾರುಕಟ್ಟೆಗಳು ನಮ್ಮ ನಾಡಿನ ಮಕ್ಕಳಿಗೆ ಹೊಸ ಹೆಸರಲ್ಲ. ಒಬ್ಬಳು ಹುಳುಗಳ ಜತೆಗೆಂದಳು. ಹಿಪ್ಪುನೇರಳೆಯ ತೋಟವಿರುವ ಮನೆಯಿಂದ ಬಂದವಳು, ಅದು ಬೇಸಾಯವೆಂದಳು. ಮೂರನೆಯವಳು ಸೀರೆಯ ಮಾತೆತ್ತಿದಳು. ಮೂವರದೂ ಸರಿಯೇ. ಪತಂಗವೆಂಬ ಜೀವಿಯ ವಿಷಯ 595.78ರಲ್ಲಿ, ಸೊಪ್ಪು ಹಾಕಿ ಹುಳು ಸಾಕುವ ಕಸುಬು 638.2ರಲ್ಲಿ; ನೂಲು ಬಟ್ಟೆಗಳ ವಿಷಯ 677.39ರಲ್ಲಿ. ಒಂದು ವಸ್ತುವನ್ನು ಯಾವ ಕಣ್ಣಿನಿಂದ ನೋಡಿದೆ ಎಂಬುದರ ಮೇಲೆ ಪುಸ್ತಕದ ಸ್ಥಾನ ನಿಂತಿರುವುದೆಂಬುದನ್ನು ಹನ್ನೊಂದು ವರ್ಷದ ಹುಡುಗಿ ಹೀಗೆ ಕಂಡುಕೊಳ್ಳುವಳು. ಅವಳು ಮುಂದೆ ಬರೆಯುವ ಪ್ರಬಂಧಗಳಿಗೆ ಇದಕ್ಕಿಂತ ಉತ್ತಮವಾದ ಸಿದ್ಧತೆಯನ್ನು ನಾವು ಕಾಣೆವು.

ಎಡವುವ ಸ್ಥಳಗಳೂ ಇವೆ. 638.14 ಎಂಬ ಅಂಕದ ಪುಸ್ತಕವನ್ನು 638.2ರ ಮುಂದೆ ಇಡಬೇಕೋ ಹಿಂದೆಯೋ? ಹದಿನಾಲ್ಕು ಎರಡಕ್ಕಿಂತ ದೊಡ್ಡದೆಂದು ಮಕ್ಕಳು ಹಿಂದಕ್ಕೆ ಇಡುವರು. ಒಂದು ಹದಿನಾಲ್ಕು ಪೈಸೆ, ಮತ್ತೊಂದು ಇಪ್ಪತ್ತು ಪೈಸೆ ಎಂದರೆ ತಿಳಿಯುವುದು. ಗಣಿತದ ಅವಧಿಯನ್ನು ಹೆಚ್ಚಿಸಬೇಕೆನ್ನುವ ಪೋಷಕರು ಇದನ್ನು ಗಮನಿಸಬೇಕೆಂದು ಬೇಡುತ್ತೇವೆ. ಇನ್ನು ಗ್ರಂಥಕರ್ತರ ಹೆಸರುಗಳ ಗೊಂದಲ. ಕುವೆಂಪು ಅವರನ್ನು ಕಕಾರದಲ್ಲಿ ಹುಡುಕಬೇಕೋ, ಪುಟ್ಟಪ್ಪ ಎಂದು ಪಕಾರದಲ್ಲಿಯೋ? ತ್ರಿವೇಣಿಯವರೂ ಅನಸೂಯಾ ಶಂಕರರೂ ಒಬ್ಬರೇ ಎಂದು ಅರಿಯದವಳು ಬರಿಗೈಯಲ್ಲಿ ಮರಳುವಳು. ಆದುದರಿಂದ ಒಂದು ಹೆಸರಿನಿಂದ ಮತ್ತೊಂದಕ್ಕೆ ದಾರಿ ತೋರುವ ಸೂಚೀಪತ್ರಗಳನ್ನು ಹುಡುಗಿಯರ ಕೈಯಿಂದಲೇ ಬರೆಯಿಸುತ್ತೇವೆ. ಇಂಗ್ಲಿಷ್ ಅಕ್ಷರಗಳ ಅನುಕ್ರಮವನ್ನು ನಿದ್ದೆಯಲ್ಲಿಯೂ ಒಪ್ಪಿಸುವ ಮಕ್ಕಳು ಕನ್ನಡದ ನಿಘಂಟಿನಲ್ಲಿ ಒಂದು ಒತ್ತಕ್ಷರದ ಪದವನ್ನು ಹುಡುಕಲಾರದೆ ತೊಳಲುವುದನ್ನು ಕಂಡು ನಾವು ನೊಂದಿದ್ದೇವೆ.

ಡ್ಯೂಯಿಯವರ ಕ್ರಮವನ್ನು ದೋಷರಹಿತವೆಂದು ನಾವು ಬೋಧಿಸುವುದಿಲ್ಲ. ಮತಧರ್ಮಗಳಿಗೆಂದು ಮೀಸಲಾದ 200ರ ವರ್ಗದಲ್ಲಿ 220ರಿಂದ 280ರವರೆಗಿನ ಏಳು ವಿಭಾಗಗಳು ಕ್ರೈಸ್ತ ಧರ್ಮಕ್ಕೇ ಸಂದಿವೆ. ಲೋಕದ ಮಿಕ್ಕ ಧರ್ಮಗಳೆಲ್ಲವೂ 290ರಲ್ಲಿ ಇಕ್ಕಟ್ಟಾಗಿ ಕುಳಿತಿವೆ. ಬೇರೆ ರೀತಿಯಲ್ಲಿ ಜೋಡಿಸಿಕೊಳ್ಳುವ ಅವಕಾಶವು ಈಚೆಗಷ್ಟೇ ದೊರೆತಿದೆ. ಇದು ನ್ಯಾಯವಾದ ಹಂಚಿಕೆಯಲ್ಲವೆಂದು ಮಿಷನ್ ಶಾಲೆಯವರಾದ ನಾವೇ ಮೊದಲು ಹೇಳಬೇಕಾಗಿದೆ. ಸಾಹಿತ್ಯದಲ್ಲಿಯೂ ಹಾಗೆಯೇ: ಇಂಗ್ಲಿಷಿಗೆ 820 ಎಂಬ ಮೂರೇ ಅಂಕಿಗಳು, ಸಾವಿರ ವರ್ಷಗಳಿಗೂ ಮಿಕ್ಕ ನಮ್ಮ ಕನ್ನಡಕ್ಕೆ 894.814. “ನಮ್ಮನ್ನು ಅಷ್ಟು ದೂರ ಏಕೆ ಇಟ್ಟರಮ್ಮಾ?” ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಆ ಪ್ರಶ್ನೆ ಹುಟ್ಟಿದ್ದೇ ಪಾಠದ ಸಾಫಲ್ಯವೆಂದು ನಾವು ಎಣಿಸಿದೆವು.

ಅದಕ್ಕೆ ಉತ್ತರವಾಗಿ ರಂಗನಾಥನ್ ಅವರ ವೃತ್ತಾಂತವನ್ನು ಹೇಳುವೆವು. ಮದ್ರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, ಲಂಡನ್ನಿಗೆ ಹೋಗಿ ಕಲಿತು ಬಂದರು. ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟಿಕೆಯ ತುಂಡುಗಳನ್ನು ಬಗೆಬಗೆಯಾಗಿ ಜೋಡಿಸುವುದನ್ನು ಕಂಡಾಗ, ವಿಷಯಗಳನ್ನೂ ಹೀಗೆ ತುಂಡುಗಳಿಂದ ಕಟ್ಟಬಹುದೆಂದು ಅವರಿಗೆ ಹೊಳೆಯಿತಂತೆ. 1933ರಲ್ಲಿ ಅವರ ಕೋಲನ್ ವರ್ಗೀಕರಣವು ಅಚ್ಚಾಯಿತು. ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಒಂದು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ಊರಿನಲ್ಲಿ ಅವರು ತೀರಿಕೊಂಡರು. ಅವರ ಅಂಕನವು ಚಿಕ್ಕವರಿಗೆ ಕಠಿನ. ಆದರೆ ವಿಷಯದ ತಿರುಳು ಯಾವುದು, ಯಾವ ದ್ರವ್ಯ, ಯಾವ ಕ್ರಿಯೆ, ಎಲ್ಲಿ, ಯಾವಾಗ ಎಂಬ ಅವರ ಐದು ಮುಖಗಳನ್ನು ಪ್ರಶ್ನೆಗಳಾಗಿ ಕೇಳಲು ಮಕ್ಕಳು ಬಲ್ಲರು.

ಕೈಯಲ್ಲಿ ದೂರವಾಣಿ ಇರುವಾಗ ಇದೆಲ್ಲ ಏಕೆ ಎಂಬುದು ಈಗಿನ ಆಕ್ಷೇಪ. 2015ರ ಅಕ್ಟೋಬರಿನಲ್ಲಿ ಅಮೆರಿಕದ ಓ.ಸಿ.ಎಲ್.ಸಿ. ಸಂಸ್ಥೆಯು ತನ್ನ ಕಟ್ಟಕಡೆಯ ಸೂಚೀಪತ್ರಗಳನ್ನು ಮುದ್ರಿಸಿ ಆ ಕಾರ್ಯವನ್ನು ನಿಲ್ಲಿಸಿತೆಂಬುದನ್ನು ನಾವೂ ಬಲ್ಲೆವು. ನಮ್ಮ ಗ್ರಂಥಾಲಯದಲ್ಲಿಯೂ ಗಣಕಯಂತ್ರ ಬಂದಿದೆ. ಆದರೆ ಯಂತ್ರವು ಕೇಳಿದ್ದನ್ನು ಕೊಡುವುದು. ಕೇಳಲು ಸರಿಯಾದ ಪದ ಬೇಕು. ಪದ ತಿಳಿಯದವಳಿಗೆ ಕಪಾಟೇ ಗತಿ. 638.2ನ್ನು ಹುಡುಕಿ ಹೋದವಳಿಗೆ ಪಕ್ಕದಲ್ಲಿಯೇ ಜೇನುಸಾಕಣೆ ಕಾಣುವುದು.

ಪೋಷಕರ ಮುಂದೆ, ಅದರಲ್ಲಿಯೂ ತಾಯಂದಿರ ಮುಂದೆ, ಮತ್ತೊಂದು ಮಾತನ್ನು ಸಂಕೋಚವಿಲ್ಲದೆ ಇಡುತ್ತೇವೆ. ಬೆಳೆಯುವ ಹುಡುಗಿಗೆ ಯಾರನ್ನೂ ಕೇಳಲಾಗದ ಪ್ರಶ್ನೆಗಳು ಇರುವುವು. ತನ್ನ ದೇಹದಲ್ಲಿ ಆಗುತ್ತಿರುವುದೇನು, ಮನೆಯಲ್ಲಿ ರೋಗವೆಂದು ಪಿಸುಗುಟ್ಟುತ್ತಿರುವುದೇನು, ಹದಿನೆಂಟು ತುಂಬದವಳಿಗೆ ಮದುವೆ ಗೊತ್ತುಮಾಡಿದರೆ ಕಾನೂನು ಏನೆನ್ನುವುದು. ದೇಹದ ವಿಷಯ 612ರಲ್ಲಿಯೂ, ರೋಗಗಳ ವಿಷಯ 616ರಲ್ಲಿಯೂ, ಕಾನೂನಿನ ವಿಷಯ 340ರಲ್ಲಿಯೂ ಇರುವುದೆಂದು ಬಲ್ಲವಳು ಯಾರ ಮುಖವನ್ನೂ ನೋಡದೆ ನೇರವಾಗಿ ಅಲ್ಲಿಗೆ ನಡೆಯುವಳು. ಬೀಗದ ಕೈ ಇಟ್ಟುಕೊಂಡ ಉಪಾಧ್ಯಾಯಿನಿಯನ್ನು ಈ ಪುಸ್ತಕ ಕೊಡಿರೆಂದು ಕೇಳುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗೆ ಇತ್ತು? ಈ ಒಂದು ಕಾರಣಕ್ಕಾಗಿಯೇ ಆ ಅವಧಿಯನ್ನು ಹತ್ತನೆಯ ತರಗತಿಯವರಿಗೂ ಉಳಿಸಿಕೊಂಡಿದ್ದೇವೆ. ಬರುವ ವರ್ಷವೂ ಉಳಿಸುವೆವು.

ಪುಸ್ತಕಗಳನ್ನು ಕಾಣಿಕೆಯಾಗಿ ಕಳುಹಿಸುವ ಹಳೆಯ ವಿದ್ಯಾರ್ಥಿನಿಯರಿಗೆ ನಾವು ಕೃತಜ್ಞರು. ಕಳೆದ ವರ್ಷ ಒಬ್ಬರು ಪುಸ್ತಕಗಳೊಡನೆ ಅಂದವಾದ ತೇಗದ ಬೀರುವನ್ನೂ, ಎರಡು ಬೀಗಗಳನ್ನೂ ಕಳುಹಿಸಿದರು. ಬೀರುವಿನ ಬಾಗಿಲುಗಳನ್ನು ಬಡಗಿಯಿಂದ ಕಳಚಿಸಿ ಉಪಯೋಗಿಸುತ್ತಿದ್ದೇವೆ. ಬೀಗಗಳು ಕಚೇರಿಯಲ್ಲಿವೆ, ಬೇಕಾದವರು ಬಂದು ತೆಗೆದುಕೊಳ್ಳಬಹುದು.