ಲ್ಯಾಪ್‌ಟಾಪ್ ಬದಲಿಸುವ ಮುನ್ನ ಡಿಸ್ಕ್ ಬದಲಿಸೋಣ

ಬೋಧನಾಭ್ಯಾಸದ ಅವಲೋಕನ ಪತ್ರದಲ್ಲಿ ಪೀಠಿಕೆಗೆ ಅಂಕವಿದೆ, ಕಪ್ಪುಹಲಗೆಯ ಬಳಕೆಗೆ ಅಂಕವಿದೆ, ಸಮಯ ನಿರ್ವಹಣೆಗೂ ಅಂಕವಿದೆ. ಲ್ಯಾಪ್‌ಟಾಪ್ ತೆರೆದುಕೊಳ್ಳಲಿ ಎಂದು ಪ್ರಶಿಕ್ಷಣಾರ್ಥಿ ತರಗತಿಯ ಮುಂದೆ ಸುಮ್ಮನೆ ನಿಲ್ಲುವ ನಿಮಿಷಗಳಿಗೆ ಮಾತ್ರ ಅಂಕಣವಿಲ್ಲ. ಅಭ್ಯಾಸ ಶಾಲೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡುವಾಗ ನಾನು ಆ ನಿಮಿಷಗಳನ್ನು ಪತ್ರದ ಅಂಚಿನಲ್ಲಿ ಬರೆದುಕೊಳ್ಳುತ್ತ ಬಂದಿದ್ದೇನೆ. ಯಂತ್ರ ಚಾಲೂ ಆಗಲು ನಾಲ್ಕು ನಿಮಿಷ, ಸ್ಲೈಡುಗಳು ತೆರೆಯಲು ಒಂದೂವರೆ, ವಿಡಿಯೊ ಹುಡುಕಲು ಮತ್ತೊಂದು. 40 ನಿಮಿಷದ ಅವಧಿಯಲ್ಲಿ ಆರೇಳು ನಿಮಿಷ ಹೀಗೆ ಹೋದರೆ ಕತ್ತರಿ ಬೀಳುವುದು ಕೊನೆಯ ಮೌಲ್ಯಮಾಪನದ ಹಂತಕ್ಕೆ. ಮಕ್ಕಳಿಗೆ ಪಾಠ ಅರ್ಥವಾಯಿತೇ ಎಂದು ಕೇಳುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ.

ಮೂರನೆಯ ಪಾಠದ ಹೊತ್ತಿಗೆ ಪ್ರಶಿಕ್ಷಣಾರ್ಥಿ ಜಾಣನಾಗಿರುತ್ತಾನೆ. ಪಾಠಯೋಜನೆಯಲ್ಲಿ ‘ಐಸಿಟಿ ಬಳಕೆ’ ಎಂಬ ಸಾಲು ಉಳಿಯುತ್ತದೆ, ಲ್ಯಾಪ್‌ಟಾಪ್ ಬೀರುವಿನಲ್ಲಿ ಉಳಿಯುತ್ತದೆ. ಆಮೇಲೆ ನಾವು ಪ್ರಶಿಕ್ಷಕರು ‘ತಂತ್ರಜ್ಞಾನದಲ್ಲಿ ಆಸಕ್ತಿ ಕಡಿಮೆ’ ಎಂದು ಷರಾ ಬರೆಯುತ್ತೇವೆ. ಇದು ಅನ್ಯಾಯ. ಆಸಕ್ತಿಯನ್ನು ಕೊಂದದ್ದು ಯಂತ್ರದೊಳಗಿನ ಒಂದು ಭಾಗ, ಅದನ್ನು ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ.

ಆ ಭಾಗ ಹಾರ್ಡ್ ಡಿಸ್ಕ್. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಗಳ ಡಿಸ್ಕ್. ಬೇಕಾದ ಮಾಹಿತಿ ತಟ್ಟೆಯ ಯಾವುದೋ ಮೂಲೆಯಲ್ಲಿರುತ್ತದೆ. ಓದುವ ಮುಳ್ಳು ಅಲ್ಲಿಗೆ ಸರಿಯಬೇಕು, ಆ ಜಾಗ ತಿರುಗಿ ಮುಳ್ಳಿನ ಕೆಳಗೆ ಬರಬೇಕು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಕೇಳಲು ಇದೇನೂ ಅಲ್ಲ. ಆದರೆ ವಿಂಡೋಸ್ ಚಾಲೂ ಆಗುವಾಗ ಸಾವಿರಾರು ಸಣ್ಣ ಕಡತಗಳನ್ನು ಚದುರಿದ ಜಾಗಗಳಿಂದ ಓದಬೇಕಾಗುತ್ತದೆ, ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸು ಓದುಗಳಲ್ಲೇ ಸುಸ್ತಾಗುತ್ತದೆ. ಗ್ರಂಥಾಲಯದ ಅಟೆಂಡರ್ ಒಂದೊಂದು ಪುಸ್ತಕಕ್ಕೂ ಕಪಾಟಿನವರೆಗೆ ನಡೆದುಹೋಗಿ ಬಂದ ಹಾಗೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಯಾವುದೂ ಇಲ್ಲ. ಮಾಹಿತಿ ಚಿಪ್ಪಿನಲ್ಲಿರುತ್ತದೆ, ಎಲ್ಲಿಂದ ಬೇಕಾದರೂ ಮಿಲಿಸೆಕೆಂಡಿನ ಸಣ್ಣ ಪಾಲಿನಲ್ಲಿ ಕೈಗೆ ಬರುತ್ತದೆ. ನಮ್ಮ ಕಾಲೇಜಿನ ಒಂದು ಹಳೆಯ ಯಂತ್ರಕ್ಕೆ ಇದನ್ನು ಹಾಕಿದ ಮೇಲೆ ಅರ್ಧ ನಿಮಿಷದೊಳಗೆ ಪರದೆ ಸಿದ್ಧವಾಗುತ್ತಿದೆ. ಪ್ರೊಸೆಸರ್ ಅದೇ, ರ‍್ಯಾಮ್ ಅದೇ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ‘ನಿಧಾನವಾಗಿದೆ’ ಎಂಬ ಒಂದೇ ಕಾರಣಕ್ಕೆ ಲ್ಯಾಪ್‌ಟಾಪನ್ನು ನಿರುಪಯುಕ್ತ ಪಟ್ಟಿಗೆ ಸೇರಿಸಬಾರದು. ಹೊಸ ಲ್ಯಾಪ್‌ಟಾಪಿಗೆ, ಸ್ಮಾರ್ಟ್ ಬೋರ್ಡಿಗೆ ಪ್ರಸ್ತಾವ ಕಳುಹಿಸಿ ವರ್ಷಗಟ್ಟಲೆ ಕಾಯುವ ಬದಲು ಹೊಸ ಯಂತ್ರದ ಬೆಲೆಯ ಸಣ್ಣ ಪಾಲಿನಲ್ಲಿ ಡಿಸ್ಕ್ ಬದಲಿಸಬೇಕು. ಆ ಕೆಲಸವನ್ನು ಅಂಗಡಿಗೆ ಕೊಡದೆ ಪ್ರಶಿಕ್ಷಣಾರ್ಥಿಗಳ ಕೈಯಲ್ಲೇ ಮಾಡಿಸಬೇಕು. ನಾಳೆ ಅವರು ಸೇರುವ ಹಳ್ಳಿಯ ಶಾಲೆಯಲ್ಲೂ ಇಂಥದೇ ಒಂದು ಲ್ಯಾಪ್‌ಟಾಪ್ ಬೀರುವಿನಲ್ಲಿರುತ್ತದೆ, ರಿಪೇರಿ ಅಂಗಡಿ ತಾಲ್ಲೂಕು ಕೇಂದ್ರದಲ್ಲಿರುತ್ತದೆ.

‘ಸೀಮೆಸುಣ್ಣವಿದ್ದರೆ ಸಾಕು, ಒಳ್ಳೆಯ ಶಿಕ್ಷಕನಿಗೆ ಯಂತ್ರ ಯಾಕೆ’ ಎನ್ನುವ ಹಿರಿಯ ಸಹೋದ್ಯೋಗಿಗಳಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಭಿನ್ನರಾಶಿಯ ಪಾಠಕ್ಕೆ ಒಂದು ರೊಟ್ಟಿ ಸಾಕು. ಆದರೆ ಹೃದಯದ ಕವಾಟ ತೆರೆದು ಮುಚ್ಚುವುದನ್ನು ತೋರಿಸಲು ಸೀಮೆಸುಣ್ಣಕ್ಕೆ ಆಗದು. ಬೇಕೋ ಬೇಡವೋ ಎಂಬುದನ್ನು ಪಾಠ ನಿರ್ಧರಿಸಬೇಕು, ಡಿಸ್ಕಿನ ವೇಗವಲ್ಲ.

ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಇಂಟರ್‌ನೆಟ್ ನಿಧಾನವಿದ್ದರೆ ದೀಕ್ಷಾ ಜಾಲತಾಣ ನಿಧಾನವೇ. 2 ಜಿಬಿ ರ‍್ಯಾಮ್‌ನ ಯಂತ್ರಕ್ಕೆ ಡಿಸ್ಕ್ ಮಾತ್ರ ಹಾಕಿ ಹೆಚ್ಚು ನಿರೀಕ್ಷಿಸಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಬಹಳ ಹಳೆಯ ಯಂತ್ರಗಳು ವಿಂಡೋಸ್ 11ರ ಷರತ್ತುಗಳನ್ನು ಪೂರೈಸುವುದಿಲ್ಲ. ಅಂಥವಕ್ಕೆ ಉಬುಂಟು ಹಾಕುವುದು ಸರಿ. ನೆರೆಯ ಕೇರಳದ ಶಾಲೆಗಳು ಸ್ವತಂತ್ರ ತಂತ್ರಾಂಶದಲ್ಲಿ ವರ್ಷಗಳಿಂದ ಪಾಠ ನಡೆಸುತ್ತಿವೆ, ನಮಗೇನು ಅಡ್ಡಿ?

ಕೈಹಾಕುವ ಮುನ್ನ ಗಮನಿಸಬೇಕಾದವು ಕೆಲವಿವೆ. ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಒಂದೇ ಆಕಾರದ ಎಸ್‌ಎಸ್‌ಡಿ ಹಿಡಿಯುವುದಿಲ್ಲ. ಹಳೆಯವುಗಳಿಗೆ ಸಾಮಾನ್ಯವಾಗಿ ಎರಡೂವರೆ ಇಂಚಿನ ಸಾಟಾ ಡಿಸ್ಕ್ ಬೇಕು, ತಳ ಬಿಚ್ಚಿ ನೋಡಿದ ಮೇಲೆಯೇ ಖರೀದಿಸಿ. ಬಿಚ್ಚುವಾಗ ಚಾರ್ಜರ್ ಜೊತೆಗೆ ಬ್ಯಾಟರಿಯ ಸಂಪರ್ಕವನ್ನೂ ತೆಗೆದಿರಬೇಕು. ಹಳೆಯ ಡಿಸ್ಕನ್ನು ಇದ್ದಂತೆಯೇ ಹೊಸದಕ್ಕೆ ನಕಲು ಮಾಡುವುದಾದರೆ 500 ಜಿಬಿಯದನ್ನು 256 ಜಿಬಿಗೆ ಇಳಿಸುವಾಗ ಮೊದಲು ಅನಗತ್ಯ ಕಡತಗಳನ್ನು ತೆಗೆದು ವಿಭಾಗಗಳನ್ನು ಕಿರಿದು ಮಾಡಬೇಕು, ಇಲ್ಲವಾದರೆ ಕ್ಲೋನ್‌ಜಿಲ್ಲಾದಂಥ ತಂತ್ರಾಂಶ ಕೈಯೆತ್ತುತ್ತದೆ. ಹೊಸದಾಗಿ ವಿಂಡೋಸ್ ಹಾಕುವವರು ನುಡಿಯನ್ನು ಮರೆಯಬಾರದು. ನಮ್ಮ ಹಳೆಯ ಪ್ರಶ್ನೆಪತ್ರಿಕೆ, ಪಾಠಯೋಜನೆಗಳಲ್ಲಿ ಬಹುಪಾಲು ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಶೈಲಿಯಲ್ಲಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹಳಗನ್ನಡದ ಪದ್ಯವೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕಡತ ಕೆಟ್ಟಿಲ್ಲ, ಫಾಂಟ್ ಹಾಕಿದರೆ ಸರಿಯಾಗುತ್ತದೆ ಎಂದು ಪ್ರಶಿಕ್ಷಣಾರ್ಥಿಗೆ ಮೊದಲೇ ತಿಳಿದಿದ್ದರೆ ಒಳ್ಳೆಯದು. ಎಸ್‌ಎಸ್‌ಡಿ ಕೆಡುವ ಮುನ್ನ ಹಾರ್ಡ್ ಡಿಸ್ಕಿನಂತೆ ಕಟಕಟ ಸದ್ದು ಮಾಡಿ ಎಚ್ಚರಿಸುವುದಿಲ್ಲ ಎಂಬುದೂ ನೆನಪಿರಲಿ. ಅಂಕಪಟ್ಟಿಗಳ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು.

ಮುಂದಿನ ತಂಡ ಶಾಲಾ ಅನುಭವಕ್ಕೆ ಹೊರಡುವ ಮುನ್ನ ಐಸಿಟಿ ಪತ್ರಿಕೆಯ ಪ್ರಾಯೋಗಿಕದಲ್ಲಿ ಎರಡು ಅವಧಿಗಳನ್ನು ಇದಕ್ಕೆ ಮೀಸಲಿಡೋಣ. ನಾಲ್ಕು ಜನರ ಗುಂಪಿಗೆ ಒಂದು ಯಂತ್ರ. ಮೊದಲು ಗಡಿಯಾರ ಹಿಡಿದು ಚಾಲೂ ಆಗುವ ಸಮಯ ಬರೆದುಕೊಳ್ಳಲಿ, ಬದಲಿಸಿದ ಮೇಲೆ ಮತ್ತೊಮ್ಮೆ ಬರೆಯಲಿ. ಅಭ್ಯಾಸ ಶಾಲೆಯ ಲ್ಯಾಪ್‌ಟಾಪ್ ಆದರೆ ಮುಖ್ಯ ಶಿಕ್ಷಕರ ಒಪ್ಪಿಗೆ ಲಿಖಿತವಾಗಿರಲಿ, ಖಾತರಿ ಅವಧಿ ಮುಗಿದಿದೆಯೇ ಎಂದು ನೋಡಿರಲಿ. ತೆಗೆದ ಹಳೆಯ ಡಿಸ್ಕ್ ಯಾರದೋ ಚೀಲ ಸೇರಬಾರದು. ಅದರಲ್ಲಿ ಮಕ್ಕಳ ಆಧಾರ್ ಪ್ರತಿ, ಭಾವಚಿತ್ರ, ಅಂಕಗಳೆಲ್ಲ ಇರುತ್ತವೆ, ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅವು ಅಳಿಯುವುದಿಲ್ಲ. ಪೂರ್ತಿ ಮೇಲ್ಬರಹ ಮಾಡಿ ಅಳಿಸಬೇಕು, ಇಲ್ಲವೇ ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಶಾಲೆಯ ಬೀರುವಿನಲ್ಲೇ ಪ್ರತಿಸಂಗ್ರಹಕ್ಕೆ ಇಡಬೇಕು. ಎರಡರಲ್ಲಿ ಯಾವುದನ್ನು ಮಾಡಿದರೂ ದಾಸ್ತಾನು ವಹಿಯಲ್ಲಿ ಅದೇ ದಿನ ನಮೂದಾಗಬೇಕು.