ನೇತ್ರಾಣಿಯ ಹವಳಕ್ಕೂ ಬೇಕು ಧಾರಣಾಶಕ್ತಿಯ ಲೆಕ್ಕ

ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ಕಿನಾರೆಯಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬಿ ಸಮುದ್ರದ ನಡುವೆ, ಹಸಿರು ಹೊದ್ದು ನಿಂತ ಪುಟ್ಟ ಗುಡ್ಡ ನೇತ್ರಾಣಿ. ಒಂದು ಕಾಲಕ್ಕೆ ಮೀನುಗಾರರಿಗೂ ಪಕ್ಷಿತಜ್ಞರಿಗೂ ಮಾತ್ರ ಪರಿಚಿತವಾಗಿದ್ದ ಈ ದ್ವೀಪ ಇಂದು ಸ್ಕೂಬಾ ಡೈವಿಂಗ್ ತಾಣವೆಂದು ಹೆಸರಾಗಿದೆ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಇಲ್ಲಿನ ನೀರೊಳಗಿನ ಲೋಕವನ್ನು ನಾಡಿನ ಮೂಲೆಮೂಲೆಗೂ ತಲುಪಿಸಿತು. ಕಡಲನ್ನೇ ಕಾಣದ ರಾಯಚೂರು ಸೀಮೆಯ ಗಿಲ್ಲೆಸುಗೂರಿನಂಥ ಬಯಲೂರಿನ ತರುಣರಿಗೂ, ಘಟ್ಟದ ಮೇಲಿನ ಹಳ್ಳಿಗಳ ವಿದ್ಯಾರ್ಥಿಗಳಿಗೂ ಹವಳದ ನಡುವೆ ಈಜುವ ಆಸೆ ಹುಟ್ಟಿದ್ದರೆ ಅದು ಸಹಜವೇ. ಆದರೆ ಆ ಆಸೆಯನ್ನು ಎಷ್ಟರಮಟ್ಟಿಗೆ ತಾಳಿಕೊಳ್ಳುವ ಶಕ್ತಿ ಆ ಪುಟ್ಟ ದ್ವೀಪಕ್ಕಿದೆ ಎಂಬ ಪ್ರಶ್ನೆಯನ್ನು ಮುಂದೂಡುವಂತಿಲ್ಲ.

ನೇತ್ರಾಣಿ ಬರಿಯ ವಿಹಾರತಾಣವಲ್ಲ. ಬಿಳಿಹೊಟ್ಟೆಯ ಕಡಲ ಹದ್ದುಗಳು ಇಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಬಂಡೆಗಳ ಗುಹೆಗಳಲ್ಲಿ ಬಾನಾಡಿ ಜಾತಿಯ ಹಕ್ಕಿಗಳು ತಮ್ಮ ಜೊಲ್ಲಿನಿಂದಲೇ ಗೂಡು ಹೆಣೆಯುತ್ತವೆ. ಕರಾವಳಿಯ ಮೀನುಗಾರರಿಗೆ ಇದು ಹರಕೆಯ ನೆಲೆ; ಹರಕೆಗೆ ಬಿಟ್ಟ ಆಡುಗಳು ದ್ವೀಪದಲ್ಲಿ ಅಡ್ಡಾಡಿಕೊಂಡಿರುತ್ತವೆ. ಇಂಥ ತಾಣ ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿದ್ದಾಗ ಮೀನುಗಾರರೂ ಪರಿಸರಾಸಕ್ತರೂ ದನಿಯೆತ್ತಿದ್ದರು. ಗುಂಡಿನ ಪೆಟ್ಟು ದೂರದಿಂದಲೂ ಕೇಳಿಸುತ್ತಿತ್ತು. ಪ್ರವಾಸದ ಪೆಟ್ಟು ನೀರಿನಡಿಯಲ್ಲಿ ಸದ್ದಿಲ್ಲದೆ ಬೀಳುವಂಥದು.

ಹವಳವೆಂದರೆ ಬಣ್ಣದ ಕಲ್ಲೆಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ಅದು ಅಸಂಖ್ಯ ಪುಟ್ಟ ಪ್ರಾಣಿಗಳ ವಸತಿ. ಈ ಜೀವಿಗಳ ಮೈಯೊಳಗೆ ನೆಲೆಸಿದ ಪಾಚಿ ಬಿಸಿಲನ್ನು ಹೀರಿ ಅವಕ್ಕೆ ಆಹಾರ ಒದಗಿಸುತ್ತದೆ. ಗುಂಡುಬಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಹೊಸಬನೊಬ್ಬ ಸಮತೋಲ ತಪ್ಪಿ ಕಾಲಿನ ಈಜುರೆಕ್ಕೆಯಿಂದ ಒದ್ದರೆ, ದೋಣಿಯೊಂದು ಹವಳದ ಮೇಲೆ ಲಂಗರು ಎಸೆದರೆ, ದಶಕಗಳ ಬೆಳವಣಿಗೆ ಕ್ಷಣದಲ್ಲಿ ನುಚ್ಚುನೂರಾಗುತ್ತದೆ. ಅತ್ತ ಸಮುದ್ರದ ಬಿಸಿಯೂ ಏರುತ್ತಿದೆ. ಬೇಸಿಗೆಯ ವಾಡಿಕೆಯ ಗರಿಷ್ಠ ಉಷ್ಣಾಂಶಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ ಹವಳ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಜಗತ್ತಿನ ನಾಲ್ಕನೆಯ ಮಹಾ ಬಿಳಿಚುವಿಕೆ ನಡೆದಿದೆ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಸಾರಿದರು. ಜ್ವರ ಬಂದವನ ಮೇಲೆ ಹೊರೆ ಹೇರುವುದು ಯಾವ ನ್ಯಾಯ?

ಕಾನೂನು ಇಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಹವಳಗಳೂ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯೂ ಹವಳದ ದಿಬ್ಬಗಳನ್ನು ಅತಿ ಸೂಕ್ಷ್ಮ ಪ್ರದೇಶಗಳ ಸಾಲಿನಲ್ಲಿಟ್ಟಿದೆ. ಆದರೆ ತುಂಡೊಂದನ್ನು ಮುರಿದು ಜೇಬಿಗಿಳಿಸಿದವನನ್ನು ಹಿಡಿಯಬಲ್ಲ ಕಾನೂನು, ಸಾವಿರ ಕಾಲುಗಳ ಅರಿಯದ ಒದೆತವನ್ನು ತಡೆಯಲಾರದು. ಅದಕ್ಕೆ ಬೇಕಾದದ್ದು ಮಿತಿ.

ಮಿತಿ ಎಂಬ ಮಾತು ಘಟ್ಟದವರಿಗೆ ಹೊಸತಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಸಾವಿರಾರು ಚಾರಣಿಗರು ಒಮ್ಮೆಗೇ ನೆರೆದ ಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಮುಂಗಡ ನೋಂದಣಿ ಮತ್ತು ದಿನದ ಗರಿಷ್ಠ ಸಂಖ್ಯೆಯ ವ್ಯವಸ್ಥೆಯತ್ತ ಹೊರಳಬೇಕಾಯಿತು. ಬೆಟ್ಟದ ತುಳಿತ ಕಣ್ಣಿಗೆ ಕಂಡಿತು, ಕ್ರಮ ಬಂತು. ಕಡಲಡಿಯ ತುಳಿತ ಕಾಣದು ಎಂಬ ಕಾರಣಕ್ಕೆ ಅಲ್ಲಿ ಲೆಕ್ಕವೇ ಬೇಡವೆನ್ನಲಾದೀತೇ? ಕೆರಿಬಿಯನ್ ಕಡಲಿನ ಬೊನೇರ್ ದ್ವೀಪ 1979ರಲ್ಲೇ ತನ್ನ ಸುತ್ತಲಿನ ಸಮುದ್ರವನ್ನು ರಕ್ಷಿತ ಉದ್ಯಾನವಾಗಿಸಿತು. ಅಲ್ಲಿ ಹವಳದ ಮೇಲೆ ಲಂಗರು ಹಾಕುವಂತಿಲ್ಲ; ದೋಣಿಗಳು ತೇಲುಬುರುಡೆಗಳಿಗೆ ಕಟ್ಟಿಕೊಳ್ಳಬೇಕು. ಮುಳುಗುವವರಿಂದ ಪಡೆದ ಶುಲ್ಕ ಕಾವಲಿಗೇ ಸಲ್ಲುತ್ತದೆ. ಒಂದು ತಾಣ ವರ್ಷಕ್ಕೆ ಸುಮಾರು 4,000ದಿಂದ 6,000 ಮುಳುಗುಗಳಿಗಿಂತ ಹೆಚ್ಚನ್ನು ತಾಳಲಾರದೆಂದು ಅಲ್ಲಿ ನಡೆದ ಅಧ್ಯಯನ 1993ರಲ್ಲಿ ಅಂದಾಜಿಸಿತು. ನೇತ್ರಾಣಿಯ ಅಂಕಿ ಬೇರೆಯೇ ಇರಬಹುದು. ಆದರೆ ಒಂದು ಅಂಕಿಯಂತೂ ಇರಲೇಬೇಕು.

ಡೈವಿಂಗ್ ನಿಲ್ಲಿಸಿ ಎಂಬ ವಾದ ಸರಿಯಲ್ಲ. ಮೀನಿನ ಇಳುವರಿ ನೆಚ್ಚಿ ಬದುಕಲಾಗದ ಕರಾವಳಿಯ ಯುವಕರಿಗೆ ಇದು ದುಡಿಮೆಯ ದಾರಿ. ಹವಳವನ್ನು ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿ ಅದರ ಪರ ನಿಲ್ಲುವ ಸಂಭವವೂ ಹೆಚ್ಚು. ಆದ್ದರಿಂದಲೇ ಸರ್ಕಾರ ಕೆಲವು ಕ್ರಮಗಳನ್ನು ಕೈಗೊಳ್ಳುವುದು ಅಗತ್ಯ. ದ್ವೀಪದ ಧಾರಣಾಶಕ್ತಿಯನ್ನು ವಿಜ್ಞಾನಿಗಳೂ ಮೀನುಗಾರರೂ ಕೂಡಿ ನಿರ್ಧರಿಸಬೇಕು. ದಿನಕ್ಕೆ ಎಷ್ಟು ಮಂದಿ ಮುಳುಗಿದರೆಂಬುದು ಸಾರ್ವಜನಿಕರಿಗೆ ತಿಳಿಯಬೇಕು. ಲಂಗರಿನ ಬದಲು ಸ್ಥಿರ ತೇಲುಬುರುಡೆಗಳು ಬರಬೇಕು. ಹೊಸಬರಿಗೆ ಮೊದಲ ಪಾಠ ಈಜುಕೊಳದಲ್ಲಿ ಆಗಬೇಕು, ಹವಳದ ಮೇಲಲ್ಲ. ಶುಲ್ಕದ ಒಂದು ಪಾಲು ಸ್ಥಳೀಯ ಮೀನುಗಾರರ ಕೈಗೂ ದ್ವೀಪದ ಕಾವಲಿಗೂ ಸಲ್ಲಬೇಕು.

ಪ್ರವಾಸ ಹೊರಡುವ ವಿದ್ಯಾರ್ಥಿಗಳೂ ಕೆಲವು ಸಂಗತಿ ತಿಳಿದಿರುವುದು ಒಳಿತು. ನೀರಿನಡಿಯ ಒತ್ತಡದಲ್ಲಿ ಸಾರಜನಕ ರಕ್ತದಲ್ಲಿ ಕರಗುತ್ತದೆ; ಮೇಲೆ ಬಂದಾಗ ಅದು ನಿಧಾನವಾಗಿ ಹೊರಹೋಗಬೇಕು. ಹೀಗಾಗಿಯೇ ಮುಳುಗಿದ ಮೇಲೆ ಕನಿಷ್ಠ 12ರಿಂದ 18 ಗಂಟೆ ವಿಮಾನ ಏರಬಾರದೆಂಬ ನಿಯಮವಿದೆ. ಸಮುದ್ರಮಟ್ಟದಿಂದ 300 ಮೀಟರಿಗಿಂತ ಎತ್ತರದ ಸ್ಥಳಕ್ಕೆ ಹೋಗುವಾಗಲೂ ಎಚ್ಚರ ಬೇಕು. ಮಧ್ಯಾಹ್ನ ಮುಳುಗಿ ಸಂಜೆಯೇ ಘಟ್ಟ ಹತ್ತುವ ಅವಸರ ಬೇಡ. ತರಬೇತುದಾರರನ್ನು ಕೇಳಿ, ಆ ರಾತ್ರಿ ತೀರದಲ್ಲಿಯೇ ತಂಗುವುದು ಕ್ಷೇಮ. ಉಬ್ಬಸ, ಹೃದ್ರೋಗ, ಕಿವಿಯ ತೊಂದರೆಗಳನ್ನು ಮುಚ್ಚಿಡಬಾರದು. ನೀರಿನಲ್ಲಿ ಏನನ್ನೂ ಮುಟ್ಟದೆ, ಮೀನುಗಳಿಗೆ ತಿನಿಸು ಹಾಕದೆ ಬರಬೇಕು. ಹವಳಕ್ಕೆ ಲಂಗರು ಹಾಕುವ ದೋಣಿಯನ್ನು ಏರುವುದಿಲ್ಲವೆಂದು ಹೇಳುವ ಹಕ್ಕು ಹಣ ಕೊಡುವ ಪ್ರವಾಸಿಗನಿಗಿದೆ. ಆ ಮಾತನ್ನು ಹತ್ತು ಕಾಲೇಜುಗಳ ವಿದ್ಯಾರ್ಥಿಗಳು ಒಟ್ಟಾಗಿ ಹೇಳಿದರೆ, ಸರ್ಕಾರದ ಆದೇಶಕ್ಕೂ ಮೊದಲೇ ನೇತ್ರಾಣಿಯಲ್ಲಿ ಬದಲಾವಣೆ ಆರಂಭವಾದೀತು.