ಚೀಟಿ ಕೊಟ್ಟರೆಂದು ಸುಮ್ಮನೆ ಊರಿಗೆ ಬರಬೇಡಿ!

ನಿಟ್ಟೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೋ, ಬಸ್ಸು ಹಿಡಿದು ತುಮಕೂರಿನ ವಸಂತನರಸಾಪುರಕ್ಕೋ ದುಡಿಯಲು ಹೋಗುವ ಗೆಳೆಯರೇ,

ಒಂದು ದಿನ ನಿಮ್ಮನ್ನು ಆಫೀಸಿಗೆ ಕರೆಯುತ್ತಾರೆ. "ಆರ್ಡರ್ ಇಲ್ಲ, ಜನ ಹೆಚ್ಚಾಗಿದ್ದಾರೆ, ನಾಳೆಯಿಂದ ಬರಬೇಡಿ" ಎನ್ನುತ್ತಾರೆ. ಸರಿ, ಕಷ್ಟ ಯಾರಿಗಿಲ್ಲ? ಆದರೆ ಆರು ವರ್ಷ ದುಡಿದ ನೀವು ಗೇಟಿನಾಚೆ. ಅದೇ ಕೆಲಸಕ್ಕೆ ಮೊನ್ನೆ ಸೇರಿದ, ಸೂಪರ್‌ವೈಸರ್ ಕಡೆಯ ಹುಡುಗ ಒಳಗೆ! ಇದು ಯಾವ ನ್ಯಾಯ?

ಮೊದಲ ಮಾತು: ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಡಿ. ಸಹಿ ಬಿದ್ದರೆ ಅವರು ತೆಗೆದದ್ದಲ್ಲ, ನೀವೇ ಬಿಟ್ಟದ್ದು ಎಂದು ವಾದಿಸುತ್ತಾರೆ. ಕೆಲಸದಿಂದ ತೆಗೆದ ಆದೇಶವನ್ನು ಬರಹದಲ್ಲಿ ಕೇಳಿ.

ಎರಡನೆಯದು: "ತಮ್ಮವರನ್ನು ಉಳಿಸಿಕೊಂಡರು" ಎಂದು ಬರೀ ಕೂಗಿದರೆ ಸಾಲದು. ಪಕ್ಷಪಾತಕ್ಕೆ ರಸೀತಿ ಇರುವುದಿಲ್ಲ. ಕೆಲಸಕ್ಕೆ ಸೇರಿದ ತಾರೀಖಿಗೆ ಇದೆ! 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ 71ನೇ ಕಲಂ ಓದಿ. ಒಂದೇ ವರ್ಗದ ಕೆಲಸಗಾರರಲ್ಲಿ ಕೊನೆಗೆ ಬಂದವರನ್ನೇ ಸಾಮಾನ್ಯವಾಗಿ ಮೊದಲು ತೆಗೆಯಬೇಕು. ತಪ್ಪಿದರೆ ಮಾಲೀಕ ಕಾರಣವನ್ನು ಬರೆದಿಡಬೇಕು. ಹಳೆಯ ಕಾಯ್ದೆಯಲ್ಲೂ ಈ ನಿಯಮವಿತ್ತು. ಹಳಬ ಅಸಮರ್ಥ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ನಂಬುವಂಥ ಸಾಕ್ಷ್ಯ ಬೇಕು ಎಂದು ಮದ್ರಾಸಿನ ಸ್ವದೇಶಮಿತ್ರನ್ ಪತ್ರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1960ರಲ್ಲೇ ಹೇಳಿದೆ.

ವರ್ಷ ತುಂಬಿದವರಿಗೆ ಒಂದು ತಿಂಗಳ ನೋಟಿಸು ಅಥವಾ ಆ ತಿಂಗಳ ಸಂಬಳ, ಪೂರ್ತಿ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಸಿಗಬೇಕು. ಇದು ಭಿಕ್ಷೆಯಲ್ಲ, ಹಕ್ಕು! ಒಂದು ವರ್ಷದೊಳಗೆ ಮತ್ತೆ ಜನ ತೆಗೆದುಕೊಂಡರೆ ನಿಮಗೇ ಆದ್ಯತೆ.

ಎಲ್ಲಿಗೆ ಹೋಗಬೇಕು? ನೇಮಕಪತ್ರ, ಸಂಬಳ ಚೀಟಿ, ಪಿ.ಎಫ್. ದಾಖಲೆ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ. ಎರಡು ವರ್ಷ ಮೀರಿದರೆ ರಾಜಿ ಸಂಧಾನ ನಡೆಯದು. ಸಂಧಾನ ಮುರಿದರೆ, ಅದರ ವರದಿ ಕೈಸೇರಿದ 90 ದಿನದೊಳಗೆ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಮರಳಿ ಕೆಲಸ ಕೊಡಿಸುವ ಅಧಿಕಾರ ಅದಕ್ಕಿದೆ. ವಕೀಲರಿಗೆ ದುಡ್ಡಿಲ್ಲವೇ? ಕಾರ್ಖಾನೆ ಕಾರ್ಮಿಕರಿಗೂ ಎಲ್ಲ ಹೆಣ್ಣುಮಕ್ಕಳಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನೆರವು ಉಚಿತ.

ಸುಳ್ಳು ಭರವಸೆ ಕೊಡುವುದಿಲ್ಲ. ಮ್ಯಾನೇಜರುಗಳಿಗೆ, 18,000 ರೂಪಾಯಿಗಿಂತ ಹೆಚ್ಚು ಸಂಬಳದ ಸೂಪರ್‌ವೈಸರುಗಳಿಗೆ ಈ ದಾರಿಯಿಲ್ಲ. ನಿಗದಿತ ಅವಧಿಯ ಕರಾರು ಮುಗಿದವರಿಗೂ ಇಲ್ಲ. ಆದ್ದರಿಂದ ಸೇರುವ ದಿನವೇ ಕಾಗದ ಓದಿ!

ಕೊನೆಯ ಮಾತು. ಹೊರಗಿನ ಅಧಿಕಾರಿ ತನ್ನ ಭಾಷೆಯವನನ್ನು ಉಳಿಸಿಕೊಂಡರೆ ಕೆರಳುವ ನಾವು, ಕನ್ನಡದವನೇ ಸ್ವಜಾತಿಯವನನ್ನು ಉಳಿಸಿಕೊಂಡಾಗ ಬಾಯಿ ಮುಚ್ಚಿ ಕೂರುವುದೇಕೆ? ಅನ್ಯಾಯಕ್ಕೆ ನಮ್ಮದು ತಮ್ಮದು ಎಂಬುದಿಲ್ಲ. ಒಬ್ಬರೇ ಹೋಗಬೇಡಿ, ಜೊತೆಗೆ ಕೆಲಸ ಕಳೆದುಕೊಂಡವರನ್ನೂ ಕರೆದುಕೊಂಡು ಹೋಗಿ. ಕಣ್ಣೀರು ಮನೆಯಲ್ಲಿರಲಿ, ಅರ್ಜಿ ಕೈಯಲ್ಲಿರಲಿ!